ಮಂಗಳೂರಿಗೆ ಮಾನೋರೈಲು: ಉದ್ಯಮ ಸಂಘದ ಮಾತನ್ನು ಎಷ್ಟು ನಂಬಬಹುದು?

ಓದುಗರ ಪ್ರಶ್ನೆ: ಕಡಿಮೆ ಜಾಗದಲ್ಲಿ, ಮೆಟ್ರೋಗಿಂತ ಅಗ್ಗವಾಗಿ ಮಾನೋರೈಲನ್ನು (ಒಂದೇ ತೊಲೆಯ ಮೇಲೆ ಓಡುವ ರೈಲು) ಕಟ್ಟಬಹುದು ಎಂದು ಅದರ ಪರವಾದ ಉದ್ಯಮ ಸಂಘಗಳು ಹೇಳುತ್ತವೆ. ಹಂಪನಕಟ್ಟೆ, ನಂತೂರು, ಪಂಪ್‌ವೆಲ್‌ಗಳಲ್ಲಿ ದಿನವೂ ಸಿಕ್ಕಿಬೀಳುವ ನಮಗೆ ಅದು ಏಕೆ ಆಗಬಾರದು?

ಉತ್ತರ: ಇಂತಹ ಸಂಘಗಳಲ್ಲಿ ಹಳೆಯದೂ ಪ್ರಮುಖವೂ ಆದದ್ದು ಜಪಾನಿನ ಮಾನೋರೈಲು ಸಂಘ. ಹಮಾಮತ್ಸುಚೋದಿಂದ ಹನೇಡಾ ವಿಮಾನ ನಿಲ್ದಾಣಕ್ಕೆ ಟೋಕಿಯೋ ಮಾನೋರೈಲು ಓಡಲಾರಂಭಿಸಿದ 1964ರಲ್ಲೇ ಅದು ಹುಟ್ಟಿತು. ಮಾನೋರೈಲನ್ನು ಬೆಳೆಸುವುದೇ ಅದರ ಉದ್ದೇಶ. ಹಾಗೆಂದ ಮಾತ್ರಕ್ಕೆ ಅದರ ಮಾತು ಸುಳ್ಳಾಗುವುದಿಲ್ಲ. ರೈಲು ಏರಿ ಕೂರುವ ಕಾಂಕ್ರೀಟ್ ತೊಲೆಯ ಅಗಲ ಒಂದು ಮೀಟರಿಗೂ ಕಡಿಮೆ. ಆದ್ದರಿಂದ ರಸ್ತೆಯ ನಡುವೆ ಕಂಬ ನೆಟ್ಟರೂ ಕೆಳಗೆ ಬೆಳಕು ಬೀಳುತ್ತದೆ. ರಬ್ಬರ್ ಚಕ್ರಗಳಿರುವುದರಿಂದ ನೂರು ಮೀಟರ್ ದೂರಕ್ಕೆ ಆರು ಮೀಟರ್‌ನಷ್ಟು ಏರನ್ನೂ ಅದು ಹತ್ತಬಲ್ಲದು. ಬಾವುಟಗುಡ್ಡೆ, ಕದ್ರಿ, ಬಿಜೈಗಳ ಏರಿಳಿತವನ್ನು ಬಲ್ಲ ನಮಗೆ ಇದು ಸಣ್ಣ ಗುಣವಲ್ಲ.

ಆದರೆ ಜಪಾನಿನಲ್ಲಿ ಮಾನೋರೈಲು ನೆಲೆಯೂರಿದ್ದು ತೊಲೆಯ ಗುಣದಿಂದ ಮಾತ್ರವಲ್ಲ. ನಗರ ಮಾನೋರೈಲಿಗೆಂದೇ 1972ರಲ್ಲಿ ಅಲ್ಲಿ ಕಾನೂನು ಬಂತು. ಎರಡು ವರ್ಷಗಳ ಬಳಿಕ ಕಂಬ ಮತ್ತು ತೊಲೆಗಳನ್ನು ರಸ್ತೆಯದೇ ಭಾಗವೆಂದು ಪರಿಗಣಿಸಿ ಸರ್ಕಾರದ ರಸ್ತೆ ಹಣದಿಂದ ಕಟ್ಟುವ ವ್ಯವಸ್ಥೆ ಜಾರಿಯಾಯಿತು. ಓಡಿಸುವ ಕಂಪೆನಿಯ ಪಾಲಿಗೆ ಉಳಿದದ್ದು ಮುಖ್ಯವಾಗಿ ರೈಲು, ವಿದ್ಯುತ್ ಮತ್ತು ನಿರ್ವಹಣೆ. ಸುಮಾರು ಮೂರು ಲಕ್ಷ ಜನರಿರುವ ಓಕಿನಾವಾದ ನಾಹಾ ನಗರದಲ್ಲಿ 2003ರಿಂದ ಮಾನೋರೈಲು ಓಡುತ್ತಿದೆ, 2019ರಲ್ಲಿ ಸುಮಾರು 17 ಕಿ.ಮೀ.ಗೆ ಬೆಳೆಯಿತು. ಮಂಗಳೂರಿನಂತಹ ಊರಿಗೆ ಆಗುವುದೇ ಇಲ್ಲ ಎನ್ನುವವರು ನಾಹಾವನ್ನು ಗಮನಿಸಬೇಕು. ಆಗಿಯೇ ಆಗುತ್ತದೆ ಎನ್ನುವವರು ಅದರ ಹಿಂದಿರುವ ಕಾನೂನನ್ನು ಗಮನಿಸಬೇಕು.

ನಮ್ಮದೇ ಕರಾವಳಿಯ ಮುಂಬೈಯ ಕಥೆ ಬೇರೆ. ಚೆಂಬೂರು–ವಡಾಲಾ ಮಾರ್ಗ 2014ರಲ್ಲಿ ತೆರೆದರೂ, ಜೇಕಬ್ ಸರ್ಕಲ್‌ವರೆಗಿನ ಉಳಿದ ಭಾಗಕ್ಕೆ 2019 ಬರಬೇಕಾಯಿತು. ಮಾನೋರೈಲಿನ ತೊಲೆಗೂ ಬೋಗಿಗೂ ಎಲ್ಲರೂ ಒಪ್ಪಿದ ಒಂದೇ ಅಳತೆಯಿಲ್ಲ; ಒಬ್ಬ ತಯಾರಕನಿಂದ ಕೊಂಡ ಮೇಲೆ ಬಿಡಿಭಾಗಕ್ಕೂ ಅವನನ್ನೇ ಕಾಯಬೇಕಾಗುತ್ತದೆ, ಮುಂಬೈ ಅನುಭವಿಸಿದ್ದೂ ಇದನ್ನೇ. 2025ರ ಆಗಸ್ಟ್ 19ರ ಜಡಿಮಳೆಯಲ್ಲಿ ಲೋಕಲ್ ರೈಲುಗಳು ಅಸ್ತವ್ಯಸ್ತಗೊಂಡಾಗ ಜನ ಮಾನೋರೈಲಿಗೆ ಮುಗಿಬಿದ್ದರು. 104 ಟನ್ ಹೊರಬೇಕಾದ ರೈಲು ಸುಮಾರು 109 ಟನ್ ಹೊತ್ತು, ವಿದ್ಯುತ್ ಸಂಪರ್ಕ ಕಡಿದು ಮೇಲೆಯೇ ನಿಂತಿತು. ಒಳಗಿದ್ದವರನ್ನು ಅಗ್ನಿಶಾಮಕ ದಳ ಏಣಿಯಿಂದ ಇಳಿಸಬೇಕಾಯಿತು. ಮರುತಿಂಗಳು ಸುಧಾರಣೆಗೆಂದು ಇಡೀ ಸೇವೆಯನ್ನೇ ನಿಲ್ಲಿಸಲಾಯಿತು. ಆಟಿ ತಿಂಗಳ ಜಡಿಮಳೆಯನ್ನು ಕಂಡ ನಾವು ಈ ಘಟನೆಯನ್ನು ದೂರದೂರಿನ ಸುದ್ದಿಯೆಂದು ಬದಿಗಿಡುವಂತಿಲ್ಲ.

ಆದ್ದರಿಂದ ಸಂಘದ ಮಾತನ್ನು ತೊಲೆ, ತಿರುವು, ಏರುಗಳ ಮಟ್ಟಿಗೆ ನಂಬಬಹುದು ಎಂಬುದು ನನ್ನ ಅಭಿಪ್ರಾಯ. ಎಷ್ಟು ಜನ ಹತ್ತುತ್ತಾರೆಂಬ ಲೆಕ್ಕದ ವಿಷಯದಲ್ಲಿ ನಂಬಬಾರದು. ಅಗ್ಗವೆಂಬ ಮಾತೂ ಕಿಲೋಮೀಟರಿನ ಕಟ್ಟುವ ವೆಚ್ಚವನ್ನು ಕುರಿತದ್ದು. ನಮಗೆ ಬೇಕಾದದ್ದು ಪ್ರತಿ ಪ್ರಯಾಣಿಕನಿಗೆ ತಗಲುವ ವೆಚ್ಚ. ಇಲ್ಲಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಡುವ ಖಾಸಗಿ ಸಿಟಿ ಬಸ್ಸುಗಳೇ ಇಂದಿಗೂ ಊರನ್ನು ಹೊರುತ್ತಿವೆ. ಅವುಗಳ ನಿಲ್ದಾಣ, ವೇಳಾಪಟ್ಟಿಗಳು ಸರಿಯಾಗದೆ ಮೇಲೆ ರೈಲು ಓಡಿಸಿದರೆ, ಇಳಿದವರು ಮುಂದೆ ಹೋಗುವುದಾದರೂ ಹೇಗೆ? ಯಾವುದೇ ಮಾನೋರೈಲು ಪ್ರಸ್ತಾವಕ್ಕೆ ಮೊದಲು ಸುರತ್ಕಲ್ ದಾರಿಯಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಒಂದು ದಿಕ್ಕಿಗೆ ಎಷ್ಟು ಜನ ಸಾಗುತ್ತಾರೆಂಬ ಎಣಿಕೆ ನಡೆಯಲಿ, ಅದೂ ಕಾಲೇಜುಗಳು ತೆರೆದಿರುವ ದಿನ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ. ಆ ಎಣಿಕೆಯನ್ನು ರೈಲು ಮಾರುವವರಾಗಲಿ ಅವರ ಸಂಘವಾಗಲಿ ಮಾಡಬಾರದು.