ತಾಯಿಯ ಎಲುಬು, ಮಗನ ಹಲ್ಲು

ಇದು ನಾನೇ ಕಟ್ಟಿಕೊಂಡ ಪ್ರಕರಣ. ಆದರೆ ಕೊಪ್ಪಳ ಜಿಲ್ಲೆಯವರಿಗೆ ಬೆನ್ನು ಬಿಗಿಹಿಡಿದ ಇಂಥ ನಡಿಗೆ ಹೊಸದೇನಲ್ಲ.

ಕುಷ್ಟಗಿ ಕಡೆಯ ಹಳ್ಳಿಯೊಂದರಿಂದ ಐವತ್ತೈದರ ಹೆಣ್ಣುಮಗಳೊಬ್ಬರು ಮಗನ ಜೊತೆ ಆಸ್ಪತ್ರೆಗೆ ಬಂದಿದ್ದಾರೆ. "ಟೊಂಕ ಹಿಡದೈತ್ರಿ, ಕೆಳಗ ಕುಂದ್ರಾಕ ಬರವಲ್ದು" ಅನ್ನುತ್ತಾರೆ. ಯಾರಾದರೂ ಹಿಂದಿನಿಂದ ಕರೆದರೆ ಕುತ್ತಿಗೆ ಹೊರಳುವುದಿಲ್ಲ, ಇಡೀ ಮೈ ತಿರುಗಬೇಕು. ವಾಯು ಅಂದುಕೊಂಡು ವರ್ಷಗಟ್ಟಲೆ ನೋವಿನ ಗುಳಿಗೆ ನುಂಗಿದ್ದಾರೆ.

ಬೆನ್ನಿನ ಎಕ್ಸ್-ರೇ ತೆಗೆದರೆ ಮೂಳೆಗಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಕಾಣುತ್ತವೆ. ಸಾಮಾನ್ಯ ಮೂಳೆಯೊಳಗೆ ಸಣ್ಣ ಎಳೆಗಳ ಜಾಲ ಕಾಣಬೇಕು. ಇಲ್ಲಿ ಅದೆಲ್ಲ ಮುಚ್ಚಿಹೋಗಿದೆ. ಐವತ್ತು ದಾಟಿದ ಹೆಂಗಸರ ಮೂಳೆ ಸವೆದು ತೆಳುವಾಗುವುದೇ ಹೆಚ್ಚು, ಇವರದು ಗಟ್ಟಿಯಾಗಿದೆ. ಮೂಳೆ ಹೀಗೆ ಬೆಳ್ಳಗಾಗಲು ಕಾರಣ ಹಲವು. ಸ್ತನದ ಕ್ಯಾನ್ಸರ್, ಗಂಡಸರಾದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಮೂಳೆಗೆ ಹರಡಿರಬಹುದು, ಮೂತ್ರಪಿಂಡ ಸೋತಿರಬಹುದು, ಹುಟ್ಟಿನಿಂದಲೇ ಮೂಳೆ ಕಲ್ಲಾಗುವ ಅಪರೂಪದ ಕಾಯಿಲೆಯೂ ಇರಬಹುದು. ಬರೀ ಬೆನ್ನಿನ ಫಿಲಂ ನೋಡಿ ಕ್ಯಾನ್ಸರ್ ಅಂದುಬಿಟ್ಟರೆ ಆ ಮನೆಯವರು ಅವತ್ತು ಊಟ ಮಾಡಲಾರರು.

ಅನುಭವಿ ವೈದ್ಯರು ಮುಂಗೈಯ ಎಕ್ಸ್-ರೇ ಕೇಳುತ್ತಾರೆ. ಬೆನ್ನುನೋವಿಗೆ ಕೈಯ ಫಿಲಂ ಯಾಕೆ ಅಂತ ಮಗ ಗೊಣಗಿದರೆ ತಪ್ಪಿಲ್ಲ. ಮುಂಗೈಯಲ್ಲಿ ಎರಡು ಉದ್ದನೆಯ ಮೂಳೆಗಳಿವೆ, ಅವುಗಳ ನಡುವೆ ತೆಳುವಾದ ಪೊರೆ ಹಾಸಿದೆ. ಎಕ್ಸ್-ರೇಯಲ್ಲಿ ಆ ಪೊರೆ ಕಾಣುವಂತಿಲ್ಲ. ಈ ತಾಯಿಯ ಫಿಲಂನಲ್ಲಿ ಮೂಳೆಯ ಅಂಚಿನಿಂದ ಮುಳ್ಳಿನ ಬೇಲಿಯಂಥ ಬಿಳಿ ಗೆರೆ ಹೊರಟಿದೆ: ಪೊರೆಗೆ ಸುಣ್ಣ ಕಟ್ಟಿದೆ. ಕ್ಯಾನ್ಸರ್ ಹೀಗೆ ಮಾಡುವುದಿಲ್ಲ. ಇದು ಮೂಳೆಯ ಫ್ಲೋರೋಸಿಸ್‌ನ, ಅಂದರೆ ಕುಡಿಯುವ ನೀರಿನ ಫ್ಲೋರೈಡ್ ಮೈಯಲ್ಲಿ ಕೂಡಿ ಬರುವ ಕಾಯಿಲೆಯ ಗುರುತು.

ಇಲ್ಲೊಂದು ತೊಡಕು. ಫ್ಲೋರೈಡ್ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಕಂದು ಗೆರೆಯ ಹಲ್ಲು, ಆದರೆ ಇವರ ಹಲ್ಲು ಜೋಳದ ಕಾಳಿನಂತೆ ಬೆಳ್ಳಗಿವೆ. ಹೊಸ ವೈದ್ಯರು ಇಲ್ಲಿಯೇ ಫ್ಲೋರೋಸಿಸ್ ಹೊಡೆದುಹಾಕಿ ಬೇರೆ ದಾರಿ ಹಿಡಿದಾರು. ಹಾಗಾಗದಿರಲು ಎರಡು ಪ್ರಶ್ನೆ ಸಾಕು: "ತವರು ಯಾವುದಮ್ಮಾ? ಅಲ್ಲಿ ಯಾವ ನೀರು ಕುಡೀತಿದ್ರಿ?"

ತವರು ಗಂಗಾವತಿ ಕಡೆ. ತುಂಗಭದ್ರಾ ಕಾಲುವೆಯ ನೀರು ಕುಡಿದು ಬೆಳೆದವರು. ಹಲ್ಲಿನ ಹೊರಕವಚ ದವಡೆಯೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆಗ ಕುಡಿದ ಫ್ಲೋರೈಡ್ ಮಾತ್ರ ಹಲ್ಲಿನಲ್ಲಿ ಬರೆದುಕೊಳ್ಳುತ್ತದೆ. ಮೂಳೆ ಹಾಗಲ್ಲ, ಬದುಕಿರುವ ತನಕ ಕರಗುತ್ತ ಕಟ್ಟುತ್ತ ಇರುತ್ತದೆ, ಕುಡಿದಿದ್ದನ್ನು ಕೂಡಿಡುತ್ತಲೇ ಹೋಗುತ್ತದೆ. ಮದುವೆಯಾಗಿ ಬಂದ ಮೇಲೆ ಮೂವತ್ತೈದು ವರ್ಷ ಬೋರಿನ ನೀರು. ಪಕ್ಕದಲ್ಲಿ ನಿಂತ ಮಗನಿಗೆ ಬಾಯಿ ತೆರೆಯಪ್ಪಾ ಅಂದರೆ, ಹಲ್ಲಿನ ಅಡ್ಡಕ್ಕೆ ಕಂದು ಪಟ್ಟಿಗಳು. ಅವನು ಹುಟ್ಟಿ ಬೆಳೆದದ್ದು ಅದೇ ಊರಲ್ಲಿ! ರೋಗಿ ಅಲ್ಲದವನ ಬಾಯಲ್ಲಿ ರೋಗಿಯ ನಿದಾನ ಸಿಕ್ಕಿತು.

ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಜಾತಿಯ ಕಲ್ಲು, ಅದರ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆ, ನೀರು ಕಲ್ಲಿನ ಬಿರುಕಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಳ್ಳುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ನಡೆದೀತು. ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ಹೋಗುವುದೂ ಇಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ದಟ್ಟವಾಗುತ್ತದೆ.

ಭಾರತದ ಮೂಳೆ ಫ್ಲೋರೋಸಿಸ್ ವೈದ್ಯ ಸಾಹಿತ್ಯಕ್ಕೆ ಬಂದದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಿಂದ. ನಮ್ಮ ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು.

ಗಟ್ಟಿಯಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಬೆನ್ನುಹುರಿ ಒತ್ತಿ ಕಾಲು ಸೋಲತೊಡಗಿದರೆ ಶಸ್ತ್ರಚಿಕಿತ್ಸೆ ಬೇಕಾದೀತು. ಉಳಿದಂತೆ ನೀರು ಬದಲಿಸುವುದು, ಹಾಲು ಸೊಪ್ಪು ಕಾಳು ಚೆನ್ನಾಗಿ ಉಣ್ಣುವುದು. ತಾಯಿಯ ಮೂತ್ರದ ಪರೀಕ್ಷೆ ಬರೆದುಕೊಟ್ಟ ವೈದ್ಯರು ಮಗನಿಗೆ ಇನ್ನೊಂದು ಕೆಲಸ ಹೇಳುತ್ತಾರೆ: ನಾಳೆ ಬರುವಾಗ ಮನೆಯಲ್ಲಿ ಕುಡಿಯುವ ನೀರು ಒಂದು ಬಾಟಲಿ ತುಂಬಿಕೊಂಡು ಬಾ. ಗಾಜಿನದು ಬೇಡ, ಪ್ಲಾಸ್ಟಿಕ್ಕಿನದೇ ಇರಲಿ.