ಮೈನಸ್ ಎಷ್ಟು ಬೇಕೋ ಅಷ್ಟೇ

ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತವರನ್ನು ಗಮನಿಸಿ. ಮೂಗಿನ ಮೇಲೆ ಭಾರದ ಟ್ರಯಲ್ ಫ್ರೇಮ್, ಎದುರಿಗೆ ಅಕ್ಷರದ ಬೋರ್ಡ್. "ಇದು ಚೆನ್ನಾಗಿದೆಯಾ, ಇದಾ?" ಅಂತ ಗಾಜು ಬದಲಾಯಿಸುತ್ತಾ ಕೇಳುತ್ತಾರೆ. ದೂರದ್ದು ಕಾಣದವರಲ್ಲಿ ತುಂಬಾ ಜನ ಅಕ್ಷರ ಕಪ್ಪಗೆ, ಚೂಪಾಗಿ ಕಂಡ ಗಾಜಿಗೇ ವೋಟು ಹಾಕುತ್ತಾರೆ. ಅಲ್ಲೇ ಎಡವಟ್ಟಾಗುವುದು. ಮೈನಸ್ ಪವರ್ ಬೇಕಾದ್ದಕ್ಕಿಂತ ಜಾಸ್ತಿಯಾದರೂ ಅಕ್ಷರ ಹಾಗೇ ಕಾಣುತ್ತದೆ: ಸ್ವಲ್ಪ ಚಿಕ್ಕದಾಗಿ, ಸ್ವಲ್ಪ ಕಪ್ಪಾಗಿ.

ಮೊದಲು ಈ ನಂಬರಿನ ಲೆಕ್ಕ ನೋಡೋಣ. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿಕೊಂಡು, ಸಣ್ಣ ಅಕ್ಷರವಿರುವ ಪೇಪರನ್ನು ಮುಖದ ಹತ್ತಿರ ಹಿಡಿಯಿರಿ. ನಿಧಾನಕ್ಕೆ ದೂರ ಸರಿಸಿ. ಅಕ್ಷರ ಮಸುಕಾಗಲು ಶುರುವಾದ ಕಡೆ ನಿಲ್ಲಿಸಿ, ಟೇಪಿನಲ್ಲಿ ಅಳೆಯಿರಿ. 50 ಸೆಂ.ಮೀ. ಬಂದರೆ 100ನ್ನು 50ರಿಂದ ಭಾಗಿಸಿ; ನಿಮ್ಮ ಪವರ್ ಹತ್ತಿರ ಹತ್ತಿರ ಮೈನಸ್ 2. 25 ಸೆಂ.ಮೀ.ಗೇ ಮಸುಕಾದರೆ ಮೈನಸ್ 4. ಈ ಅಳತೆಯ ಹೆಸರು ಡಯಾಪ್ಟರ್. 1872ರಲ್ಲಿ ಫ್ರಾನ್ಸಿನ ಕಣ್ಣಿನ ವೈದ್ಯ ಫರ್ದಿನಾಂದ್ ಮೊನೊಯೆ ಸೂಚಿಸಿದ್ದು. ಮನೆಯಲ್ಲಿ ಅಳೆದ ಈ ಲೆಕ್ಕ ನಂಬಿ ಕನ್ನಡಕ ಮಾಡಿಸಬೇಡಿ. ಸಿಲಿಂಡರ್ ಪವರ್, ಅಂದರೆ ಒಂದೇ ಕಣ್ಣಿಗೆ ಒಂದೊಂದು ದಿಕ್ಕಿನಲ್ಲಿ ಒಂದೊಂದು ಪವರ್, ಇದ್ದರೆ ಇದರಲ್ಲಿ ಗೊತ್ತಾಗುವುದಿಲ್ಲ.

ದೂರದ್ದು ಮಸುಕಾಗುವ ಈ ಸಮೀಪದೃಷ್ಟಿ ಬರುವುದು ಹೆಚ್ಚಾಗಿ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಉದ್ದ ಬೆಳೆಯುವುದರಿಂದ. ದೊಡ್ಡವರ ಕಣ್ಣಿನ ಉದ್ದ ಸುಮಾರು 24 ಮಿ.ಮೀ. ಅದರ ಮೇಲೆ ಒಂದೇ ಒಂದು ಮಿ.ಮೀ. ಜಾಸ್ತಿಯಾದರೆ ಸಾಕು, ಎರಡೂವರೆಯಿಂದ ಮೂರು ಡಯಾಪ್ಟರ್ ಮೈನಸ್ ಬಂದಂತೆ. ದೂರದಿಂದ ಬಂದ ಬೆಳಕು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಮುಟ್ಟುವ ಮುಂಚೆಯೇ ಒಂದೆಡೆ ಸೇರಿಬಿಡುತ್ತದೆ. ಮೈನಸ್ ಗಾಜು ಆ ಬೆಳಕನ್ನು ಸ್ವಲ್ಪ ಹರಡಿ, ಸೇರುವ ಜಾಗವನ್ನು ಹಿಂದಕ್ಕೆ ತಳ್ಳಿ ರೆಟಿನಾ ಮೇಲೆ ಕೂರಿಸುತ್ತದೆ.

ಜಾಸ್ತಿ ತಳ್ಳಿದರೆ? ಬೆಳಕು ರೆಟಿನಾದ ಹಿಂದಕ್ಕೆ ಹೋಗುತ್ತದೆ. ಆದರೆ ಹರೆಯದ ಕಣ್ಣು ಸುಮ್ನೆ ಕೂರುವುದಿಲ್ಲ. ಒಳಗಿರುವ ಪುಟ್ಟ ಸ್ನಾಯು ಬಿಗಿಯಾಗುತ್ತದೆ, ಕಣ್ಣಿನ ಮಸೂರ ಉಬ್ಬುತ್ತದೆ, ಬೆಳಕು ಮತ್ತೆ ಮುಂದಕ್ಕೆ ಬರುತ್ತದೆ. ಹತ್ತಿರದ್ದನ್ನು ಓದುವಾಗ ಮಾಡುವ ಕೆಲಸವೇ ಇದು. ಈಗ ದೂರದ್ದಕ್ಕೂ ಮಾಡುತ್ತಿದೆ. ಹಾಗಾಗಿ ಮೈನಸ್ 2 ಸಾಕಾಗುವ ಹುಡುಗ ಮೈನಸ್ 2.5ರಲ್ಲೂ, ಮೈನಸ್ 3ರಲ್ಲೂ ಕೊನೆಯ ಸಾಲು ಓದುತ್ತಾನೆ. ಬೋರ್ಡ್ ಓದಿದ ಮಾತ್ರಕ್ಕೆ ಪವರ್ ಸರಿ ಅನ್ನಲಾಗದು. ದಿನವಿಡೀ ಆ ಸ್ನಾಯು ದುಡಿದು ಸಂಜೆ ಹಣೆ ನೋಯುವಾಗಷ್ಟೇ ಅನುಮಾನ ಬರುತ್ತದೆ. ಅದಕ್ಕೇ ಪರೀಕ್ಷೆ ಮಾಡುವವರ ನಿಯಮ: ಚೆನ್ನಾಗಿ ಓದಿಸುವ ಗಾಜುಗಳಲ್ಲಿ ಎಲ್ಲಕ್ಕಿಂತ ಕಮ್ಮಿ ಮೈನಸ್ ಇರುವುದನ್ನೇ ಕೊಡು. ಒಳ್ಳೆಯವರು "ಚೆನ್ನಾಗಿದೆಯಾ?" ಅಂತಷ್ಟೇ ಕೇಳಿ ಬಿಡುವುದಿಲ್ಲ, "ಇನ್ನೊಂದು ಅಕ್ಷರ ಜಾಸ್ತಿ ಓದಕ್ಕೆ ಆಗ್ತಿದೆಯಾ, ಬರೀ ಕಪ್ಪಾಯ್ತಾ?" ಅಂತ ಕೇಳುತ್ತಾರೆ.

ಕಣ್ಣಿನ ಈ ಕಳ್ಳಾಟ ಹಿಡಿಯಲು ಒಂದು ಚೆಂದದ ಉಪಾಯವಿದೆ. ಬೋರ್ಡಿನ ಅರ್ಧ ಕೆಂಪು, ಅರ್ಧ ಹಸಿರು. ಎರಡರ ಮೇಲೂ ಕಪ್ಪು ಅಕ್ಷರ. ಕಣ್ಣಿನೊಳಗೆ ಹಸಿರು ಬೆಳಕು ಜಾಸ್ತಿ ಬಾಗುತ್ತದೆ, ಮುಂಚೆ ಸೇರುತ್ತದೆ. ಕೆಂಪು ಕಮ್ಮಿ ಬಾಗಿ ಸ್ವಲ್ಪ ಹಿಂದೆ ಸೇರುತ್ತದೆ. ಪವರ್ ಸರಿಯಿದ್ದರೆ ರೆಟಿನಾ ಇವೆರಡರ ನಡುವೆ ಇರುತ್ತದೆ, ಎರಡೂ ಕಡೆ ಅಕ್ಷರ ಒಂದೇ ಥರ ಕಾಣುತ್ತದೆ. ಕೆಂಪಿನ ಮೇಲಿರುವುದು ಹೆಚ್ಚು ಸ್ಪಷ್ಟವೆಂದರೆ ಮೈನಸ್ ಇನ್ನೂ ಸಾಲದು. ಹಸಿರಿನ ಮೇಲಿರುವುದು ಸ್ಪಷ್ಟವೆಂದರೆ ಜಾಸ್ತಿಯಾಗಿದೆ, ಕಾಲು ಡಯಾಪ್ಟರ್ ಇಳಿಸು. ಬಣ್ಣಗುರುಡು ಇದ್ದವರಿಗೂ ಇದು ನಡೆಯುತ್ತದೆ. ಅವರನ್ನು ಕೆಂಪಾ ಹಸಿರಾ ಅಂತ ಕೇಳುವ ಬದಲು ಎಡವಾ ಬಲವಾ ಅಂತ ಕೇಳಿದರಾಯಿತು.

ಜನರಿಗೆ ಮಾತ್ರ "ಕಂಪ್ಯೂಟರ್ ಟೆಸ್ಟ್" ಮೇಲೆ ಭಾರಿ ನಂಬಿಕೆ. ಗಲ್ಲ ಇಟ್ಟು ಒಳಗೆ ನೋಡಿದರೆ ಉದ್ದ ರಸ್ತೆಯ ತುದಿಯಲ್ಲಿ ಬಣ್ಣದ ಬಲೂನು ಕಾಣುತ್ತದಲ್ವಾ, ಅದು ಸುಮ್ಮನೆ ಇಟ್ಟಿದ್ದಲ್ಲ. ತುಂಬಾ ದೂರ ನೋಡುತ್ತಿದ್ದೇನೆ ಅಂತ ಕಣ್ಣು ಸಡಿಲವಾಗಲಿ ಅಂತಲೇ ಆ ಚಿತ್ರ, ಮಧ್ಯೆ ಮಸುಕಾಗುವುದೂ ಅದಕ್ಕೇ. ಆದರೂ ಮುಖದ ಎದುರೇ ಯಂತ್ರ ಇದೆ ಅನ್ನುವುದು ಗೊತ್ತಿರುವುದರಿಂದ ಕಣ್ಣು ಕೆಲವೊಮ್ಮೆ ಹತ್ತಿರಕ್ಕೇ ಹೊಂದಿಕೊಂಡುಬಿಡುತ್ತದೆ, ಚೀಟಿಯಲ್ಲಿ ಮೈನಸ್ ಜಾಸ್ತಿ ಬರುತ್ತದೆ. ಮಕ್ಕಳಲ್ಲಂತೂ ಇದು ಮಾಮೂಲು. ಯಂತ್ರದ ಚೀಟಿ ಪರೀಕ್ಷೆಯ ಶುರು ಅಷ್ಟೇ. ಆ ಚೀಟಿ ನೋಡಿ ನೇರ ಫ್ರೇಮ್ ತೋರಿಸುವ ಅಂಗಡಿಯಿಂದ ಎದ್ದು ಬರುವುದೇ ವಾಸಿ. ಮಕ್ಕಳಿಗೆ ಡ್ರಾಪ್ಸ್ ಹಾಕಿ ಕಾಯಿಸುವುದೂ ಇದೇ ಕಾರಣಕ್ಕೆ. ಆ ಸ್ನಾಯುವಿಗೆ ಕೆಲವು ಗಂಟೆ ರಜೆ ಕೊಟ್ಟರೆ ನಿಜವಾದ ನಂಬರ್ ಹೊರಬರುತ್ತದೆ.

ಹಾಗಂತ ಬೇಕೆಂದೇ ಕಮ್ಮಿ ಕೊಡುವುದೂ ಸರಿಯಲ್ಲ. "ಪವರ್ ಸ್ವಲ್ಪ ಕಮ್ಮಿ ಹಾಕಿಸಿ, ಕಣ್ಣು ಪಳಗಲಿ" ಅನ್ನುವ ಹಿರಿಯರು ಎಲ್ಲ ಮನೆಯಲ್ಲೂ ಇದ್ದಾರೆ. ಮಲೇಷ್ಯಾದಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. 94 ಮಕ್ಕಳಲ್ಲಿ ಒಂದು ಗುಂಪಿಗೆ ಪೂರ್ತಿ ಪವರ್, ಇನ್ನೊಂದು ಗುಂಪಿಗೆ ಸುಮಾರು 0.75 ಕಮ್ಮಿ. 2 ವರ್ಷದಲ್ಲಿ ಪೂರ್ತಿ ಹಾಕಿಕೊಂಡವರ ಮೈನಸ್ 0.77 ಏರಿತು, ಕಮ್ಮಿ ಹಾಕಿಕೊಂಡವರದ್ದು 1.00. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳಿಲ್ಲ ನಿಜ. ಆದರೆ ಏರುವ ಪವರ್ ತಡೆಯಲು ಈಗ ಅದಕ್ಕೆಂದೇ ಮಾಡಿದ ಲೆನ್ಸ್‌ಗಳಿವೆ, ತೀರಾ ಕಮ್ಮಿ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಇದೆ. ಮಸುಕು ಕನ್ನಡಕ ಹಾಕಿಸಿ ಮಗುವನ್ನು ಕ್ಲಾಸಿನಲ್ಲಿ ಕೂರಿಸಬೇಕಿಲ್ಲ.

ಪವರ್ ಜಾಸ್ತಿ ಇದ್ದು ಕಾಂಟ್ಯಾಕ್ಟ್ ಲೆನ್ಸ್‌ಗೆ ಹೋಗುವವರಿಗೆ ಒಂದು ಮಾತು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರ ಕೂರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಕನ್ನಡಕದ ಮೈನಸ್ 8 ಅಲ್ಲಿ ಸುಮಾರು ಮೈನಸ್ 7.25 ಆಗುತ್ತದೆ. ಮೈನಸ್ 4ರ ಒಳಗಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಇನ್ನು ದೊಡ್ಡವರಿಗೆ ಪವರ್ ಇದ್ದಕ್ಕಿದ್ದಂತೆ ಏರುಪೇರಾದರೆ ಕನ್ನಡಕಕ್ಕೆ ಮುಂಚೆ ಸಕ್ಕರೆ ಪರೀಕ್ಷೆ ಮಾಡಿಸಿ. ರಕ್ತದ ಸಕ್ಕರೆ ಏರಿದಾಗ ಕಣ್ಣಿನ ಮಸೂರವೂ ಬದಲಾಗುತ್ತದೆ.

ಜಾಸ್ತಿ ಮೈನಸ್ಸಿನ ಸಾಲ ನಲವತ್ತರ ಆಚೀಚೆ ವಸೂಲಿಗೆ ಬರುತ್ತದೆ. ಆಗ ಮಸೂರ ಮೊದಲಿನಂತೆ ಉಬ್ಬುವುದಿಲ್ಲ. ಅರ್ಧ ಡಯಾಪ್ಟರ್ ಹೆಚ್ಚಿನ ಕನ್ನಡಕ ಹಾಕಿಕೊಂಡವರು ಮೊಬೈಲ್ ನೋಡಲು ಉಳಿದವರಿಗಿಂತ ಅರ್ಧ ಡಯಾಪ್ಟರ್ ಜಾಸ್ತಿ ಹೆಣಗಬೇಕು. ಚಾಳೀಸು ಬೇಗ ಬಂತು ಅಂತ ಅವರು ಹೊಸ ಗಾಜು ಕೇಳಿಕೊಂಡು ಬರುತ್ತಾರೆ. ದೂರದ ಮೈನಸ್ಸನ್ನು ಸರಿಯಾದ ಅಳತೆಗೆ ಇಳಿಸಿದರೆ, ಕೆಲವರಿಗೆ ಚಾಳೀಸು ಇನ್ನೊಂದೆರಡು ವರ್ಷ ಬೇಕಾಗುವುದಿಲ್ಲ.