ಡಬಲ್ ರೈಫಲ್‌ನ ಎರಡು ನಳಿಗೆ ಎರಡು ಕಡೆ ಹೊಡೀತಿದ್ರೆ ತೋಟಾ ಹೇಗೆ ತುಂಬ್ಬೇಕು?

ಪ್ರಶ್ನೆ: ಹಳೇ .470 ಡಬಲ್ ರೈಫಲ್ (ಅಕ್ಕಪಕ್ಕ ಎರಡು ನಳಿಗೆ ಇರೋ ಕೋವಿ, .470 ಅನ್ನೋದು ಅದರ ತೋಟಾ ಹೆಸರು) ಒಂದು ಸಿಕ್ಕಿದೆ. ಇಷ್ಟು ವರ್ಷ ಬೋಲ್ಟ್ ರೈಫಲ್‌ಗೆ ನಾನೇ ತೋಟಾ ರೀಲೋಡ್ ಮಾಡ್ಕೊಂಡು, ಅಂದ್ರೆ ಹೊಡೆದ ಖಾಲಿ ಕೇಸ್‌ಗೆ ಮತ್ತೆ ಮದ್ದು, ಬುಲೆಟ್ ತುಂಬ್ಕೊಂಡು ಬಂದಿದೀನಿ, ಇದಕ್ಕೂ ಹಾಗೇ ಶುರು ಮಾಡ್ದೆ. ಆದ್ರೆ 50 ಗಜದಲ್ಲಿ ಬಲ ನಳಿಗೆ ಈಡು ಎಡಕ್ಕೆ ಬೀಳುತ್ತೆ, ಎಡ ನಳಿಗೇದು ಬಲಕ್ಕೆ. ಕೋವಿ ಕೆಟ್ಟಿದ್ಯಾ? ಇಲ್ಲ ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು?

ಕೋವಿ ಕೆಟ್ಟಿರೋ ಸಾಧ್ಯತೆ ತುಂಬಾ ಕಮ್ಮಿ, ಬಿಚ್ಚೋಕೆ ಬೆಸುಗೆ ಹಾಕೋಕೆ ಯಾರ ಹತ್ರಾನೂ ಒಯ್ಯಬೇಡಿ ಇನ್ನೂ. ಈಡು ಹೀಗೆ ಅಡ್ಡ ದಾಟಿ ಬೀಳ್ತಿದೆ ಅಂದ್ರೆ ಸಾಮಾನ್ಯವಾಗಿ ಕಾರಣ ಮೂರರಲ್ಲೊಂದು: ಬುಲೆಟ್ ಆ ಕೋವಿಗೆ ಬೇಕಾದ್ದಕ್ಕಿಂತ ಜೋರಾಗಿ ಹೋಗ್ತಿದೆ, ಬುಲೆಟ್ ಹಗುರ ಆಗಿದೆ, ಅಥವಾ ನೀವು ಕೋವೀನ ಬೆಂಚ್ ಮೇಲೆ ಗಟ್ಟಿಯಾಗಿ ಕಟ್ಟಿಹಾಕಿದ ಹಾಗೆ ಹಿಡಿದು ಹೊಡೀತಿದೀರಿ. ಯಾಕೆ ಅಂತ ಅರ್ಥ ಆದ್ರೆ ಉಳಿದಿದ್ದೆಲ್ಲಾ ಸಲೀಸು, ಅದಕ್ಕೇ ಮೊದಲು ಅದನ್ನೇ ಸ್ವಲ್ಪ ಉದ್ದವಾಗಿ ಹೇಳ್ತೀನಿ.

ಎರಡು ನಳಿಗೆ ಅಕ್ಕಪಕ್ಕ ಸಮಾನಾಂತರ ಇದ್ದಂಗೆ ಕಾಣುತ್ತೆ ಆದ್ರೆ ಇರಲ್ಲ, ಹಿಂದೆ ಅಗಲ ಇದ್ದು ಬಾಯಿ ಕಡೆ ಬರ್ತಾ ಬರ್ತಾ ಒಂದಕ್ಕೊಂದು ಹತ್ರ ಬಂದಿರುತ್ತೆ. ಬಲ ನಳಿಗೆ ಕೋವಿಯ ನಡುಗೆರೆಯಿಂದ ಬಲಕ್ಕಿರೋದ್ರಿಂದ ಅದು ಹಾರಿದಾಗ ಒದೆ ನಟ್ಟನಡುವೆ ಬೀಳಲ್ಲ, ಕೋವಿಯ ಬಾಯಿ ಮೇಲಕ್ಕೂ ಬಲಕ್ಕೂ ತಿರುಗುತ್ತೆ, ಎಡ ನಳಿಗೆ ಹಾರಿದ್ರೆ ಮೇಲಕ್ಕೂ ಎಡಕ್ಕೂ. ಈ ತಿರುಗಾಟ ಬುಲೆಟ್ ಇನ್ನೂ ನಳಿಗೆ ಒಳಗೆ ಓಡ್ತಿರೋವಾಗ್ಲೇ ಶುರುವಾಗಿರುತ್ತೆ. ಬುಲೆಟ್ ಬಾಯಿಂದ ಹೊರಬರೋ ಕ್ಷಣಕ್ಕೆ ನಳಿಗೆ ಎಷ್ಟು ತಿರುಗಿರುತ್ತೋ ಅಷ್ಟನ್ನ ಲೆಕ್ಕ ಹಿಡಿದೇ ಕಮ್ಮಾರ ಎರಡನ್ನೂ ಒಳಮುಖ ಮಾಡಿ ಜೋಡಿಸಿರ್ತಾನೆ, ಬಾಯಿ ಹತ್ರ ಒಂದು ಬೆಣೆ ಇಟ್ಟು, ಬೆಸುಗೆ ಬಿಸಿ ಮಾಡಿ, ಬೆಣೆ ಒಂದಿಷ್ಟು ಸರಿಸಿ, ಮತ್ತೆ ಹೊಡೆದು ನೋಡಿ, ಮತ್ತೆ ಸರಿಸಿ. ಇದಕ್ಕೇ ರೆಗ್ಯುಲೇಶನ್ ಅನ್ನೋದು. ಅಂದ್ರೆ ನಿಮ್ಮ ಕೋವಿ ಒಂದು ತೂಕದ ಬುಲೆಟ್‌ಗೆ, ಒಂದು ವೇಗಕ್ಕೆ, ಒಂದು ಥರದ ಒದೆಗೆ ಶ್ರುತಿ ಮಾಡಿಟ್ಟಿರೋದು.

ಈಗ ನಿಮ್ಮ ಗುರಿಹಲಗೆ ನೋಡಿ. ಬುಲೆಟ್ ಜೋರಾಗಿದ್ರೆ ನಳಿಗೆ ಪೂರ್ತಿ ತಿರುಗೋಕೆ ಮುಂಚೆನೇ ಹೊರಗೆ ಬಂದ್ಬಿಡುತ್ತೆ, ಬಲದ್ದು ಇನ್ನೂ ಎಡಕ್ಕೇ ಮುಖ ಮಾಡಿರುತ್ತೆ, ಹಾಗಾಗಿ ಎಡಕ್ಕೆ ಬೀಳುತ್ತೆ. ನಿಧಾನ ಆದ್ರೆ ಉಲ್ಟಾ, ಬಲದ್ದು ಬಲಕ್ಕೆ ಎಡದ್ದು ಎಡಕ್ಕೆ ಅಗಲ ಆಗ್ತಾ ಹೋಗುತ್ತೆ, ಜೊತೆಗೆ ಸಾಮಾನ್ಯವಾಗಿ ಸ್ವಲ್ಪ ಮೇಲಕ್ಕೂ ಹೋಗುತ್ತೆ. ಬೋಲ್ಟ್ ರೈಫಲ್‌ನಲ್ಲಿ ಲೋಡ್ ಬದಲಾಯಿಸಿ ಸೈಟ್ ತಿರುಗಿಸಿದ್ರೆ ಮುಗೀತು, ಇಲ್ಲಿ ಸೈಟ್ ಎಷ್ಟು ತಿರುಗಿಸಿದ್ರೂ ಎರಡು ಗುಂಪಿನ ನಡುವಿನ ಅಂತರ ಹಾಗೇ ಇರುತ್ತೆ. ತೋಟಾನೇ ಕೋವಿ ಹತ್ರ ಹೋಗ್ಬೇಕು.

ಹಾಗಾದ್ರೆ ಕೋವಿಗೆ ಏನು ಬೇಕು ಅಂತ ಗೊತ್ತಾಗೋದು ಹೇಗೆ? ಮುಂದಿನ ಮರದ ಹಿಡಿ ತೆಗೆದು ನಳಿಗೆ ಕಳಚಿ ಅದರ ಅಡಿಭಾಗದ ಚಪ್ಪಟೆ ಜಾಗ ನೋಡಿ. ಬ್ರಿಟನ್‌ನಲ್ಲಿ ಪ್ರೂಫ್ (ನಳಿಗೆ ಒತ್ತಡ ತಡೆಯುತ್ತಾ ಅನ್ನೋ ಅಧಿಕೃತ ಪರೀಕ್ಷೆ) ಆದ ಹಳೇ ಕೋವಿಗಳಲ್ಲಿ ಬಹಳಷ್ಟು ಸಲ ಕಾರ್ಡೈಟ್ 75-500 ಅನ್ನೋ ಥರ ಕೆತ್ತಿರ್ತಾರೆ, 75 ಗ್ರೇನ್ ಕಾರ್ಡೈಟ್, 500 ಗ್ರೇನ್ ಬುಲೆಟ್ ಅಂತ (ಗ್ರೇನ್ ಅನ್ನೋದು ತೂಕದ ಅಳತೆ, ಕಾರ್ಡೈಟ್ ಅನ್ನೋದು ಹಳೇ ಹೊಗೆರಹಿತ ಮದ್ದು). .470 ನೈಟ್ರೋ ಎಕ್ಸ್‌ಪ್ರೆಸ್‌ನ ಮೂಲ ಲೋಡ್ ಇದೇ. .450/400 ಆಗಿದ್ರೆ 400 ಗ್ರೇನ್, .500 ಆಗಿದ್ರೆ 570, .577 ಆಗಿದ್ರೆ 750, .600 ಆಗಿದ್ರೆ 900. ಹೊಸ ಕೋವಿ ಆಗಿದ್ರೆ ಇನ್ನೂ ಸುಲಭ, ಯಾವ ಫ್ಯಾಕ್ಟರಿ ತೋಟಾಗೆ ರೆಗ್ಯುಲೇಟ್ ಮಾಡಿದ್ರು ಅಂತ ತಯಾರಕರನ್ನೇ ಕೇಳಿ.

ಇಲ್ಲಿ ಒಂದು ವಿಷ್ಯ ದಯವಿಟ್ಟು ಹಗುರವಾಗಿ ತಗೋಬೇಡಿ. ನಿಮ್ಮದು .470 ಆದ್ರಿಂದ ಈ ಗೊಂದಲ ಇಲ್ಲ, ಆದ್ರೆ .450 ಮೂರೂಕಾಲು ಇಂಚು, .500 ಮೂರಿಂಚು, .577 ಇವೆಲ್ಲಾ ಮೊದಲು ಕಪ್ಪು ಮದ್ದಿನ ತೋಟಾಗಳಾಗಿದ್ವು, ಆಮೇಲೆ 1898ರಲ್ಲಿ ರಿಗ್ಬಿ .450ಯ ಕಾರ್ಡೈಟ್ ರೂಪ ತಂದ್ಮೇಲೆ ಅದೇ ಅಳತೆಯ ಕೇಸ್‌ನಲ್ಲಿ ನೈಟ್ರೋ ತೋಟಾ, ಅಂದ್ರೆ ಒತ್ತಡ ಜಾಸ್ತಿ ಇರೋ ಹೊಗೆರಹಿತ ಮದ್ದಿನ ತೋಟಾ ಬಂತು. ಅಂದ್ರೆ ಕಪ್ಪು ಮದ್ದಿಗೆ ಅಂತ ಮಾಡಿದ ಕೋವಿಯೊಳಗೆ ನೈಟ್ರೋ ತೋಟಾ ಸಲೀಸಾಗಿ ಕೂತ್ಕೊಳ್ಳುತ್ತೆ. ಕೂತ್ಕೊಳ್ತು ಅಂತ ಹೊಡೆದ್ರೆ ಕೈ, ಕಣ್ಣು, ಜೀವ ಯಾವುದು ಬೇಕಾದ್ರೂ ಹೋಗ್ಬಹುದು. ಪ್ರೂಫ್ ಗುರುತು ಓದೋಕೆ ಬರದಿದ್ರೆ ಓದೋಕೆ ಬರೋ ಗನ್‌ಸ್ಮಿತ್ ಹತ್ರ ತೋರಿಸಿ, ಅದರ ಜೊತೇಲೇ ನಳಿಗೆ ಮತ್ತು ಆಕ್ಷನ್ (ನಳಿಗೆಯ ಹಿಂಬದಿ ಮುಚ್ಚೋ ಭಾಗ) ನಡುವೆ ಸಂದು ಬಿಟ್ಟಿದ್ಯಾ, ಕೀಲು ಸವೆದಿದ್ಯಾ ಅಂತಲೂ ನೋಡಿಸಿ, ಇದು .470ಗೂ ಬೇಕು. ಆಮೇಲೇ ಮದ್ದಿನ ಮಾತು. ರೀಲೋಡಿಂಗ್‌ಗೆ ನಿಮ್ಮ ದೇಶದಲ್ಲಿ ಲೈಸೆನ್ಸ್ ಬೇಕಾ ಅನ್ನೋದೂ ಅಷ್ಟೇ ಮೊದಲು ತಿಳ್ಕೊಳ್ಳೋ ವಿಷ್ಯ.

ಬುಲೆಟ್ ವ್ಯಾಸದ ವಿಷ್ಯಕ್ಕೂ ಹೆಸರು ನಂಬ್ಕೊಂಡು ಕೂರಬೇಡಿ. ಬ್ರಿಟಿಷ್ ಸರ್ಕಾರ 20ನೇ ಶತಮಾನದ ಶುರುವಿನಲ್ಲಿ ಇಂಡಿಯಾದಲ್ಲೂ ಸುಡಾನ್‌ನಲ್ಲೂ .450 ತೋಟಾಗಳನ್ನ ನಿಷೇಧ ಮಾಡ್ತು, ಆ ಬುಲೆಟ್ ತಿರುಗಿ ಮಾರ್ಟಿನಿ-ಹೆನ್ರಿ ಅನ್ನೋ ಹಳೇ ಬ್ರಿಟಿಷ್ ಸೈನ್ಯದ ಬಂದೂಕುಗಳಿಗೆ ಹೋಗುತ್ತೆ ಅನ್ನೋ ಭಯಕ್ಕೆ. ಆಗ ಪ್ರತಿ ಕಂಪನಿಯೂ .465, .470, .475 ಅಂತ ತನ್ನದೇ ಒಂದು ಅಳತೆ ತಂತು. .475 ನಂಬರ್ 2 ಅನ್ನೋ ಹೆಸರಲ್ಲೇ ಎರಡು ವ್ಯಾಸದ ನಳಿಗೆ ಇದೆ, ಜೆಫ್ರಿ ಮಾಡಿದ್ದು ದಪ್ಪ. ಅದಕ್ಕೇ ಎರಡೂ ನಳಿಗೆಗೆ ಮೆತ್ತನೆ ಸೀಸದ ಗುಂಡು ತೂರಿಸಿ ಮೈಕ್ರೋಮೀಟರ್‌ನಲ್ಲಿ ಅಳೆದು ಆಮೇಲೆ ಬುಲೆಟ್ ತರಿಸಿ. ಹಳೇ ನಳಿಗೆ ಗೋಡೆ ತೆಳು, ಸ್ಟೀಲೂ ಈಗಿನದ್ದಲ್ಲ, ಮೈ ಪೂರ್ತಿ ನಯವಾಗಿರೋ ಗಟ್ಟಿ ತಾಮ್ರ ಅಥವಾ ಹಿತ್ತಾಳೆ ಬುಲೆಟ್ ಅಂಥದ್ರಲ್ಲಿ ಹಾರಿಸಿದ್ರೆ ಒಳಗಿನ ರೈಫ್ಲಿಂಗ್ ಗೀರು ನಳಿಗೆ ಹೊರಮೈಯಲ್ಲೂ ಮೂಡಿರೋದು ಉಂಟು. ನನ್ನ ಆಯ್ಕೆ ಕೇಳಿದ್ರೆ ಹಳೇ ಕೋವಿಗೆ ಸೀಸದ ತಿರುಳಿನ ಸಾಫ್ಟ್ ಬುಲೆಟ್, ಸಾಲಿಡ್ ಬೇಕೇ ಬೇಕು ಅಂದ್ರೆ ಮೈಮೇಲೆ ಬಳೆ ಬಳೆ ಥರ ಕೊರೆದಿರೋದು.

ಈಗ ವೇಗ. ಕ್ಯಾಟಲಾಗ್‌ನಲ್ಲಿ .470ಗೆ ಸೆಕೆಂಡಿಗೆ 2150 ಅಡಿ ಅಂತ ಇರುತ್ತೆ, ಎಲ್ಲರೂ ಅದರ ಹಿಂದೆ ಬೀಳ್ತಾರೆ. ಆ ಹಳೇ ಅಂಕಿ ಉದ್ದನೆಯ ಟೆಸ್ಟ್ ನಳಿಗೇಲಿ ತೆಗೆದಿದ್ದು, 24 ಇಂಚು 26 ಇಂಚಿನ ನಿಮ್ಮ ಕೋವಿ ಅದೇ ತೋಟಾಗೆ ಅದಕ್ಕಿಂತ ಕಮ್ಮಿ ಕೊಟ್ಟಿರುತ್ತೆ, ಅದು ರೆಗ್ಯುಲೇಟ್ ಆಗಿರೋದೂ ಆ ಕಮ್ಮಿ ವೇಗಕ್ಕೇ. ನೀವು ಪೌಡರ್ ತುರುಕಿ 2150 ಮುಟ್ಟಿಸಿದ್ರೆ ಈಡು ಅಡ್ಡ ದಾಟದೇ ಇನ್ನೇನು. ಕೈಗೆಟುಕೋ ಹಾಗಿದ್ರೆ ಒಂದು ಪೆಟ್ಟಿಗೆ ಫ್ಯಾಕ್ಟರಿ ತೋಟಾ ತಗೊಂಡು ಕ್ರೋನೋಗ್ರಾಫ್ (ಬುಲೆಟ್ ವೇಗ ಅಳೆಯೋ ಯಂತ್ರ) ಮುಂದೆ ಹೊಡೆದು ನಿಮ್ಮ ಕೋವೀಲಿ ಅದು ಎಷ್ಟು ವೇಗ ಕೊಡ್ತು, ಎಲ್ಲಿ ಬಿತ್ತು ಅಂತ ಬರ್ಕೊಳ್ಳಿ, ಅಳತೆಗೋಲು ಸಿಕ್ಕಿದ ಹಾಗಾಯ್ತು.

ಆಮೇಲೆ ಪ್ರಕಟವಾದ ರೀಲೋಡಿಂಗ್ ಪುಸ್ತಕದ ಶುರುವಿನ ಲೋಡ್‌ನಿಂದ ಮೇಲಕ್ಕೆ ಬನ್ನಿ, ಯಾವತ್ತೂ ಮೇಲಿಂದ ಕೆಳಕ್ಕೆ ಬರಬೇಡಿ. ಕೆಳಗಿನ ಲೋಡ್‌ನಲ್ಲಿ ಎರಡು ಗುಂಪು ಅಗಲ ಇರುತ್ತೆ, ಪೌಡರ್ ಸ್ವಲ್ಪ ಸ್ವಲ್ಪ ಏರಿಸ್ತಾ ಹೋದ ಹಾಗೆ ಹತ್ರ ಹತ್ರ ಬರುತ್ತೆ, ಅಕ್ಕಪಕ್ಕ ಬಂದು ಕೂತ ಜಾಗದಲ್ಲಿ ನಿಲ್ಲಿಸ್ಬಿಡಿ. ಪುಸ್ತಕದಲ್ಲಿ ಇನ್ನೂ ಮೇಲೆ ಜಾಗ ಇದೆ ಅಂತ ಏರಬೇಡಿ, ಏರಿ ಗಳಿಸೋದು ಏನೂ ಇಲ್ಲ. ಇನ್ನೊಂದು, ಕೀಲು ಆಕ್ಷನ್‌ನ ಈ ತೋಟಾಗಳು ಕಮ್ಮಿ ಒತ್ತಡದಲ್ಲಿ ಕೆಲಸ ಮಾಡೋ ಹಾಗೆ ಮಾಡಿರೋದು, .458 ವಿಂಚೆಸ್ಟರ್ ಮ್ಯಾಗ್ನಮ್ ಥರದವು ಕಟ್ಟೋ ಒತ್ತಡಕ್ಕಿಂತ ತುಂಬಾ ಕೆಳಗೆ. ಬೋಲ್ಟ್ ರೈಫಲ್‌ನಲ್ಲಿ ಪ್ರೈಮರ್ (ಕೇಸ್ ಬುಡದಲ್ಲಿ ಮದ್ದು ಹೊತ್ತಿಸೋ ಚಿಕ್ಕ ಬಿಲ್ಲೆ) ಚಪ್ಪಟೆ ಆಯ್ತಾ ಅಂತ ನೋಡಿ ಎಚ್ಚೆತ್ಕೊಳ್ಳೋ ಅಭ್ಯಾಸ ಇಲ್ಲಿ ನಡಿಯಲ್ಲ, ಆ ಗುರುತು ಕಾಣೋ ಹೊತ್ತಿಗೆ ನೀವು ಮಿತಿ ದಾಟಿ ಎಷ್ಟೋ ದೂರ ಹೋಗಿರ್ತೀರಿ. ಹೊಡೆದ ಕೇಸ್ ಆಚೆ ಬರೋಕೆ ಬಿಗಿ ಅನ್ನಿಸ್ತು ಅಂದ್ರೆ ಅವತ್ತಿಗೆ ಅಲ್ಲೇ ನಿಲ್ಲಿಸಿ.

ಪೌಡರ್ ಆರಿಸೋದ್ರಲ್ಲಿ ಎರಡು ದಾರಿ. ಐಎಂಆರ್ 4831 ಥರದ ನಿಧಾನವಾಗಿ ಉರಿಯೋ ಪೌಡರ್ ಈ ದೊಡ್ಡ ಕೇಸ್‌ನ ಬಹುಪಾಲು ತುಂಬ್ಕೊಳ್ಳುತ್ತೆ. ಅದಕ್ಕಿಂತ ಬೇಗ ಉರಿಯೋ ರೀಲೋಡರ್ 15 ಥರದ್ದು ಕಮ್ಮಿ ಸಾಕು, ಆದ್ರೆ ಒಳಗೆ ಖಾಲಿ ಜಾಗ ಉಳಿದು ಪೌಡರ್ ಆಕಡೆ ಈಕಡೆ ಹರಿದಾಡುತ್ತೆ, ಈಡಿಂದ ಈಡಿಗೆ ವೇಗ ಬದಲಾಗುತ್ತೆ, ಅದಕ್ಕೇ ಮೆತ್ತನೆ ಫೋಮ್ ಅಥವಾ ಡ್ಯಾಕ್ರಾನ್ ಫಿಲ್ಲರ್ ಇಡ್ತಾರೆ. ಫಿಲ್ಲರ್ ಪೌಡರ್‌ಗೂ ಬುಲೆಟ್ ಬುಡಕ್ಕೂ ತಾಗಿರ್ಬೇಕು, ನಡುವೆ ಸಂದು ಬಿಡಬಾರ್ದು, ಮತ್ತೆ ಫಿಲ್ಲರ್ ಸಮೇತ ಟೆಸ್ಟ್ ಮಾಡಿ ಕೊಟ್ಟಿರೋ ಲೋಡ್‌ಗೆ ಮಾತ್ರ ಹಾಕಿ. ಶುರು ಮಾಡೋವ್ರಿಗೆ ನಾನು ನಿಧಾನ ಪೌಡರ್‌ನೇ ಹೇಳೋದು, ಜೊತೆಗೆ ಜೋರಾದ ಮ್ಯಾಗ್ನಮ್ ಪ್ರೈಮರ್, ಇಷ್ಟು ದೊಡ್ಡ ರಾಶಿ ಹೊತ್ತಿಸೋಕೆ ಅದು ಬೇಕು. ನಿಧಾನ ಪೌಡರ್ ತೂಕ ಜಾಸ್ತಿ ಹಿಡಿಯೋದ್ರಿಂದ ಒದೆನೂ ಜಾಸ್ತಿ, ಹಾಗಾಗಿ ವೇಗ ಒಂದೇ ಇದ್ರೂ ಎರಡು ಪೌಡರ್ ಎರಡು ಥರ ರೆಗ್ಯುಲೇಟ್ ಆಗ್ಬಹುದು, ಪೌಡರ್ ಬದಲಾಯಿಸಿದ್ರೆ ಮೊದಲಿಂದ ಶುರು ಅಂದ್ಕೊಳ್ಳಿ.

ಕೇಸ್ ವಿಷ್ಯ ಬೇಗ ಮುಗಿಸ್ತೀನಿ. ಇವು ಅಂಚಿನ ಮೇಲೆ ನಿಲ್ಲೋ ಕೇಸ್‌ಗಳು, ಕೇಸ್‌ನ ಭುಜಾನ (ಕತ್ತಿನ ಕಡೆ ಕಿರಿದಾಗೋ ಜಾಗ) ಅನಾವಶ್ಯಕ ಹಿಂದಕ್ಕೆ ತಳ್ಳಿದ್ರೆ ಕೇಸ್ ಬುಡದ ಹತ್ರ ಬೇಗ ಒಡೆಯುತ್ತೆ, ಎರಡೂ ಛೇಂಬರ್‌ಗೆ (ನಳಿಗೇಲಿ ತೋಟಾ ಕೂರೋ ಜಾಗ) ಸಲೀಸಾಗಿ ಬೀಳೋಷ್ಟು ಸೈಜ್ ಮಾಡಿದ್ರೆ ಸಾಕು. ತುಂಬಿದ ಪ್ರತಿ ತೋಟಾನೂ ನಳಿಗೆ ಕಳಚಿಟ್ಟು ಎರಡೂ ಛೇಂಬರ್‌ಗೆ ಹಾಕಿ ನೋಡಿ. ಕ್ರಿಂಪ್, ಅಂದ್ರೆ ಕೇಸ್ ಬಾಯಿ ಬುಲೆಟ್ ಸುತ್ತ ಒತ್ತಿ ಹಿಡಿಸೋದು ಮಾತ್ರ ಗಟ್ಟಿ ಇರ್ಲಿ, ಯಾಕಂದ್ರೆ ಬಲ ನಳಿಗೆ ಹಾರಿದಾಗ ಎಡಗಡೆ ಕಾಯ್ತಿರೋ ತೋಟಾದ ಕೇಸ್ ಕೋವಿ ಜೊತೆ ಹಿಂದಕ್ಕೆ ಹೋಗುತ್ತೆ, ಭಾರದ ಬುಲೆಟ್ ಇದ್ದಲ್ಲೇ ನಿಲ್ಲೋಕೆ ನೋಡುತ್ತೆ, ಕ್ರಿಂಪ್ ಸಡಿಲ ಇದ್ರೆ ಮುಂದಕ್ಕೆ ಜಾರುತ್ತೆ.

ಇಷ್ಟೆಲ್ಲಾ ಮಾಡಿದ್ರೂ ಹೊಡೆಯೋ ರೀತಿ ತಪ್ಪಿದ್ರೆ ಗುರಿಹಲಗೆ ಸುಳ್ಳು ಹೇಳುತ್ತೆ, ನಿಜವಾಗಿ ನೀವು ಮೊದಲು ಪರೀಕ್ಷೆ ಮಾಡ್ಬೇಕಾಗಿರೋದು ಇದನ್ನೇ, ಲೋಡ್ ಮುಟ್ಟೋಕೆ ಮುಂಚೆ. ನಳಿಗೇನ ಯಾವತ್ತೂ ಮರಳುಚೀಲದ ಮೇಲೆ ನೇರವಾಗಿ ಇಡಬೇಡಿ. ಎಡಗೈಲಿ ಮುಂದಿನ ಹಿಡಿ ಹಿಡ್ಕೊಂಡು ಕೈಹಿಂಭಾಗ ಚೀಲದ ಮೇಲಿರ್ಲಿ, ಕೂತು ಬಗ್ಗೋದಕ್ಕಿಂತ ನಿಂತು ಹೊಡೆಯೋ ಎತ್ತರದ ರೆಸ್ಟ್ ಅಥವಾ ಕೋಲಿನ ಆಸರೆ ವಾಸಿ, ಕೋವಿ ಒದೆಗೆ ತಾನಾಗೇ ಮೇಲೇಳೋಕೆ ಬಿಡ್ಬೇಕು, ಅದು ಹಾಗೆ ಎದ್ದಾಗ್ಲೇ ತಾನೇ ಕಮ್ಮಾರ ಅದನ್ನ ರೆಗ್ಯುಲೇಟ್ ಮಾಡಿದ್ದು. ಭುಜದ ಹಿಂದೆ ಚೀಲ ಇಟ್ಟು ಒದೆ ತಡೆದ್ರೆ ಈಡು ಅಡ್ಡ ದಾಟೋದಷ್ಟೇ ಅಲ್ಲ, ಮರದ ಹಿಂಬದಿನೂ ಸೀಳಬಹುದು. ಹೆಬ್ಬೆರಳು ಮೇಲಿನ ಲಿವರ್ ಹಿಂದೆ ಇಡಬೇಡಿ, ಕುಯ್ದುಬಿಡುತ್ತೆ.

ಟ್ರಿಗರ್ ಎರಡಿದ್ರೆ ಮುಂದಿನದ್ದು ಸಾಮಾನ್ಯವಾಗಿ ಬಲ ನಳಿಗೆಗೆ, ಜೋಡಿ ಹೊಡೆಯೋವಾಗ ಅದನ್ನೇ ಮೊದಲು ಒತ್ತಿ. ಒದೆಗೆ ಬೆರಳು ಜಾರಿ ಇನ್ನೊಂದು ಟ್ರಿಗರ್‌ಗೆ ಬಡಿದು ಎರಡೂ ಒಟ್ಟಿಗೆ ಹಾರಿಬಿಡೋ ಅಪಾಯ ಇದೆ, 5000 ಅಡಿ-ಪೌಂಡ್ ದಾಟೋ ತೋಟಾ ಎರಡು ಒಟ್ಟಿಗೆ ಅಂದ್ರೆ ಭುಜದ ಗತಿ ಊಹಿಸ್ಕೊಳ್ಳಿ. ಎಡ ನಳಿಗೆ ಮಾತ್ರ ಪರೀಕ್ಷೆ ಮಾಡೋ ದಿನ ಎಡಕ್ಕೆ ಮಾತ್ರ ತೋಟಾ ಹಾಕಿ. ಶುರುವಲ್ಲಿ ಎರಡನ್ನೂ ಬೇರೆ ಬೇರೆಯಾಗಿಯೇ ಹೊಡೆಯಿರಿ, ನಳಿಗೆ ಆರೋಕೆ ಬಿಡಿ.

ಹಲಗೆ ಓದೋದು ಕೂಡ ಬೇರೆ ರೀತಿ. ಒಂದು ಬಲ ಒಂದು ಎಡ ಹೊಡೆದು ಅಂತರ ಅಳೆದ್ರೆ ಏನೂ ಗೊತ್ತಾಗಲ್ಲ, ಒಂದೊಂದು ನಳಿಗೆಗೂ ತನ್ನದೇ ಚದುರುವಿಕೆ ಇರುತ್ತೆ, ಕೈ ನಡುಗಿದ್ದೂ ಸೇರಿರುತ್ತೆ. ಪ್ರತಿ ನಳಿಗೆಯಿಂದ ಕನಿಷ್ಠ ನಾಲ್ಕೈದು ಈಡು ಹೊಡೆದು, ಪ್ರತಿ ತೂತಿನ ಪಕ್ಕ ಬ ಅಥವಾ ಎ ಅಂತ ಬರೆದು, ಬಲದ ಗುಂಪಿನ ನಡುಬಿಂದು ಒಂದು, ಎಡದ್ದು ಒಂದು ಗುರುತು ಮಾಡಿ, ಆ ಎರಡು ಬಿಂದುಗಳ ಅಂತರ ನೋಡಿ. ಬಲದ ಬಿಂದು ಬಲಕ್ಕೆ, ಎಡದ್ದು ಎಡಕ್ಕೆ, ನಡುವೆ ನಳಿಗೆಗಳ ಅಂತರದಷ್ಟೇ ಅಥವಾ ಅದಕ್ಕಿಂತ ಕಮ್ಮಿ, ಎತ್ತರ ಒಂದೇ, ಹೀಗಿದ್ರೆ ನಿಮ್ಮ ಲೋಡ್ ಸಿಕ್ಕಿತು. ಎತ್ತರದಲ್ಲಿ ಎರಡು ಗುಂಪೂ ಒಟ್ಟಿಗೆ ಮೇಲೋ ಕೆಳಗೋ ಇದ್ರೆ ಆಗ ಸೈಟ್ ಮುಟ್ಟಬಹುದು. ಹಿಡಿಯೋ ರೀತಿ ಸರಿ ಇದ್ದು, ಸರಿಯಾದ ತೂಕದ ಬುಲೆಟ್ ಇದ್ದು, ಪುಸ್ತಕದ ಕೆಳಗಿನ ಲೋಡ್‌ನಲ್ಲೂ ಅಡ್ಡ ದಾಟ್ತಾನೇ ಇದ್ರೆ ಮಾತ್ರ ಬೆಣೆ ಸರಿಸೋ ಮಾತು ಬರುತ್ತೆ, ಆವಾಗ ಗನ್‌ಸ್ಮಿತ್ ಹತ್ರ ಹೋಗೋವಾಗ ಆ ಹಲಗೆಗಳನ್ನೂ ಕ್ರೋನೋಗ್ರಾಫ್ ಅಂಕಿಗಳನ್ನೂ ಜೊತೆಗೆ ತಗೊಂಡು ಹೋಗಿ.